ಬಲೆ ಎಳೆಯುವವರ ನೋಟು

ನನಗೆ ಹುಚ್ಚು ಹಿಡಿದದ್ದು ಎಂಬತ್ತೆಂಟರ ಜೂನ್ ತಿಂಗಳಲ್ಲಿ, ಒಂದು ಕೊಕ್ಕರೆಯ ದೆಸೆಯಿಂದ. ನಗುವವರು ನಗಲಿ. ನೈರೋಬಿಯಲ್ಲಿ ನಮ್ಮವರಿಗೆ ಹಿಡಿದಿರುವ ಹುಚ್ಚುಗಳು ನನಗೆ ಗೊತ್ತಿಲ್ಲವೇ? ಒಬ್ಬರಿಗೆ ಗಾಲ್ಫ್, ಒಬ್ಬರಿಗೆ ಗುಲಾಬಿ ಗಿಡ. ಡಾಕ್ಟರ್ ಸೂರ್ಯನಾರಾಯಣರಿಗೆ ಸಿಂಹಗಳ ಫೋಟೋ ತೆಗೆಯುವ ಹುಚ್ಚು. ನಲವತ್ತು ಸಿಂಹಗಳ ಫೋಟೋ ತೋರಿಸಿದ್ದಾರೆ, ನಲವತ್ತೂ ನಿದ್ದೆ ಮಾಡುತ್ತಿವೆ. ನನ್ನದು ಡೆನ್ಮಾರ್ಕ್ ದೇಶದ ಹಳೆಯ ನೋಟುಗಳ ಹುಚ್ಚು. ನಾನು ಆ ದೇಶವನ್ನು ನೋಡಿಲ್ಲ, ಅಲ್ಲಿಯ ಭಾಷೆ ಬರುವುದಿಲ್ಲ, ಅಲ್ಲಿ ನನಗೆ ಪರಿಚಯದ ಒಂದು ನಾಯಿಯೂ ಇಲ್ಲ.

ಪಾರ್ಕ್‌ಲ್ಯಾಂಡ್ಸ್‌ನ ಒಂದು ಶಾಲೆಯಲ್ಲಿ ನಾನು ಭೂಗೋಳದ ಟೀಚರ್. ತರಗತಿಯ ಡೇನಿಶ್ ಹುಡುಗಿಯೊಬ್ಬಳು ನನ್ನ ಅಟ್ಲಾಸ್ ವಾಪಸು ಕೊಡುವಾಗ ಪುಟದ ಗುರುತಿಗೆಂದು ಇಟ್ಟಿದ್ದ ಹತ್ತು ಕ್ರೋನರ್ ನೋಟೊಂದು ಅದರಲ್ಲೇ ಉಳಿದಿತ್ತು. ಮಕ್ಕಳ ಕಥೆಗಾರನೊಬ್ಬನ ಉದ್ದ ಮೂಗಿನ ಮುಖ, ಪಕ್ಕದಲ್ಲಿ ಕೊಕ್ಕರೆ ಗೂಡು. "ಇಟ್ಟುಕೊಳ್ಳಿ ಮಿಸ್, ನಮ್ಮಲ್ಲಿ ಈಗ ಹತ್ತಕ್ಕೆ ನಾಣ್ಯ ಬಂದಿದೆ" ಎಂದಳು. ತಿಂಗಳ ನಂತರ ಅವಳ ಅಣ್ಣ ಅಂಥದೇ ಇನ್ನೊಂದು ತಂದುಕೊಟ್ಟ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಒಂದು ಇನ್ನೊಂದಕ್ಕಿಂತ ಒಂದು ಬೆರಳಿನಷ್ಟೂ ಅಲ್ಲ, ಅರ್ಧ ಬೆರಳಿನಷ್ಟು ಗಿಡ್ಡ! ಬಲಗಡೆಯ ಸಹಿ ಬೇರೆ! ಅದೇ ಮೂಗು, ಅದೇ ಕೊಕ್ಕರೆ, ಆದರೆ ಅದೇ ನೋಟಲ್ಲ. ಆ ಕ್ಷಣದಲ್ಲಿ ನನ್ನ ತಲೆಯೊಳಗೆ ಏನೋ ಕಳಚಿಕೊಂಡಿರಬೇಕು. ಅಂದು ಸಾಂಬಾರು ತಳ ಹಿಡಿದು ಮನೆಯೆಲ್ಲ ಹೊಗೆಯಾಯಿತು.

ನನ್ನ ಗಂಡ ವಾಮನ ಬಿಸ್ಕತ್ತು ಕಾರ್ಖಾನೆಯಲ್ಲಿ ಯಂತ್ರಗಳ ಉಸ್ತುವಾರಿ ನೋಡುವವರು. ಶಾಂತ ಮನುಷ್ಯ. ನಾವು ಮನೆಯಲ್ಲಿ ಆಡುವುದು ತುಳು. ಓದುವವರಿಗಾಗಿ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಅಂಬುಜಾ, ಅದು ನೋಟಾ, ಬ್ಲೌಸಿನ ಬಟ್ಟೆಯಾ? ಸ್ಕೇಲ್ ಹಿಡ್ಕೊಂಡು ಕೂತಿದ್ದಿಯಲ್ಲ."

"ನಿಮಗೆ ಎಂತ ಗೊತ್ತುಂಟು? ಸುಮ್ಮನೆ ಊಟ ಮಾಡಿ."

"ಊಟ ಎಲ್ಲಿ ಉಂಟು?" ಎಂದರು, ಹೊಗೆಯೊಳಗಿಂದ.

ವರ್ಷ ತುಂಬುವುದರೊಳಗೆ ನನ್ನ ಬಳಿ ಮೂವತ್ತೊಂದು ನೋಟುಗಳಾದವು. ಹೆಚ್ಚಿನವು ಬಂದದ್ದು ಒಸ್ವಾಲ್ಡ್ ಪೊರ್ಬುಗಳಿಂದ. ನಮ್ಮ ಊರಿನ ಕಡೆ ಕ್ರಿಶ್ಚಿಯನ್ ಗಂಡಸರನ್ನು ಪೊರ್ಬು ಎಂದೇ ಕರೆಯುವುದು, ನೈರೋಬಿಗೆ ಬಂದರೂ ಅದು ಬಿಡಲಿಲ್ಲ. ಇವರು ಮಂಗಳೂರಿನ ಒಂದು ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಕ್ಯಾಷಿಯರ್ ಆಗಿದ್ದು, ಭಾವನ ಹಿಂದೆ ಇಲ್ಲಿಗೆ ಬಂದು, ಡೇನಿಶ್ ಜನ ನಡೆಸುವ ಹಾಲಿನ ಯೋಜನೆಯೊಂದರಲ್ಲಿ ಲೆಕ್ಕಪತ್ರ ನೋಡುತ್ತಿದ್ದರು. ನೋಟು ಕೈಗೆ ಸಿಕ್ಕಿದರೆ ಅವರ ಹೆಬ್ಬೆರಳು ತಾನಾಗಿ ನಾಲಿಗೆಯ ಕಡೆ ಹೋಗುತ್ತದೆ. ಬಂಗಾರದಂಥ ಮನುಷ್ಯ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವ ಮನಸ್ಸು ಬರುತ್ತದೋ ಇಲ್ಲವೋ.

ಎಂಬತ್ತೊಂಬತ್ತರ ಜುಲೈಯಲ್ಲಿ ಪೊರ್ಬುಗಳು ನನ್ನನ್ನು ಕಿಲೆಲೆಶ್ವಾದಲ್ಲಿರುವ ತಮ್ಮ ಮೇಲಧಿಕಾರಿಯ ಮನೆಗೆ ಕರೆದುಕೊಂಡು ಹೋದರು. ಹೋಲ್ಗರ್ ಎಂದು ಹೆಸರು, ಬಾಗಿಲಿಗಿಂತ ಎತ್ತರದ ಮನುಷ್ಯ. ಅವರೂ ನೋಟು ಸಂಗ್ರಹಿಸುವವರು. ಆದರೆ ನನ್ನ ಹಾಗೆ ಶೂ ಡಬ್ಬಿಯಲ್ಲಲ್ಲ. ಮೊದಲು ಸೋಪು ಹಾಕಿ ಕೈ ತೊಳೆದರು, ನನಗೂ ತೊಳೆಯಲು ಹೇಳಿದರು, ಆಮೇಲೆ ಒಂದು ಜೊತೆ ಬಿಳಿ ಕೈಗವಸು ಕೊಟ್ಟರು. ದೇವಸ್ಥಾನದ ಗರ್ಭಗುಡಿಗೆ ಹೋಗುವವರಿಗೂ ಇಷ್ಟು ಮಡಿ ಇಲ್ಲವಲ್ಲ ಎಂದು ನಗು ಬಂತು. ಆಲ್ಬಮ್ಮಿನ ಐದನೆಯ ಪುಟ ತಿರುವಿದಾಗ ನಗು ನಿಂತಿತು.

ಹಳೆಯ ಕಾಲದ ಐವತ್ತು ಕ್ರೋನರ್ ನೋಟು. ಹಸಿರು ಬಣ್ಣ. ರಾಜನಿಲ್ಲ, ರಾಣಿಯಿಲ್ಲ, ಸಿಂಹಾಸನವಿಲ್ಲ. ಒಂದು ದೋಣಿ, ದೋಣಿಯಲ್ಲಿ ಬಲೆ ಎಳೆಯುತ್ತಿರುವ ಮೀನುಗಾರರು. ಅವರಲ್ಲಿ ಟೊಪ್ಪಿ ಹಾಕಿದ್ದ ಒಬ್ಬ ಬೆನ್ನನ್ನು ಹಿಂದಕ್ಕೆ ವಾಲಿಸಿ, ಎಡಗಾಲು ಊರಿ, ಇಡೀ ಸಮುದ್ರವನ್ನೇ ದೋಣಿಗೆ ಹಾಕಿಕೊಳ್ಳುತ್ತೇನೆ ಎನ್ನುವಂತೆ ನಿಂತಿದ್ದ.

ಅಪ್ಪ! ಎಂಬ ಮಾತು ಬಾಯಿಯವರೆಗೆ ಬಂತು. ನುಂಗಿಕೊಂಡೆ.

ಯಾಕೆ ನುಂಗಿದೆ ಎಂದರೆ, ಅದೊಂದು ನಾಚಿಕೆಗೇಡಿನ ಕಥೆ. ನಾನು ಮಲ್ಪೆಯವಳು. ನನ್ನ ಅಪ್ಪ ದೂಜಣ್ಣ ರಂಪಣಿಯಲ್ಲಿ ಬಲೆ ಎಳೆಯುತ್ತಿದ್ದರು. ಬೆಳಗಾದರೆ ಊರಿನ ಗಂಡಸರೆಲ್ಲ ದಡದಲ್ಲಿ ಎರಡು ಸಾಲಾಗಿ ನಿಂತು ಹಗ್ಗ ಎಳೆಯುವುದು, ಅದರಲ್ಲಿ ತುದಿಯ ಆಳು ನನ್ನ ಅಪ್ಪ. ಅಮ್ಮ ಬುಟ್ಟಿ ಹೊತ್ತು ಉಡುಪಿಗೆ ಹೋಗಿ ಬಂಗುಡೆ, ಬೂತಾಯಿ ಮಾರುತ್ತಿದ್ದಳು. ಮೀನಿನ ಬುಟ್ಟಿಯನ್ನು ಬಸ್ಸಿಗೆ ಹತ್ತಿಸದ ಕಾಲದಲ್ಲಿ ನಡೆದೇ ಹೋಗುತ್ತಿದ್ದಳು. ಆ ದುಡ್ಡಿನಲ್ಲಿ ನಾನು ಎಂ.ಎ. ಓದಿದೆ. ಅಷ್ಟೆಲ್ಲ ಓದಿ ನೈರೋಬಿಗೆ ಬಂದವಳನ್ನು, ರಾಜ್ಯೋತ್ಸವದ ಊಟದಲ್ಲಿ ಡಾಕ್ಟರ ಹೆಂಡತಿ ಕಮಲಾ "ನಿಮ್ ತಂದೆಯೋರು ಏನ್ ಮಾಡ್ತಿದ್ರು?" ಎಂದು ಕೇಳಿದಾಗ, ನಾನು ಏನು ಹೇಳಿದೆ ಗೊತ್ತೇ? "ಮರೈನ್ ಪ್ರಾಡಕ್ಟ್ಸ್ ಬಿಸಿನೆಸ್" ಎಂದೆ. ಕಮಲಾ ಮೈಸೂರಿನವರು, ಅವರ ಮನೆಗೆ ಬೆಳ್ಳುಳ್ಳಿ ಕೂಡ ಬರುವುದಿಲ್ಲ ಎಂಬುದು ಪಾರ್ಕ್‌ಲ್ಯಾಂಡ್ಸಿಗೆಲ್ಲ ಗೊತ್ತಿದ್ದ ವಿಷಯ. ಆ ಎರಡು ಇಂಗ್ಲಿಷ್ ಶಬ್ದ ಆರು ವರ್ಷಗಳಿಂದ ನನ್ನ ಗಂಟಲಲ್ಲಿ ಮೀನಿನ ಮುಳ್ಳಾಗಿ ಕೂತಿತ್ತು.

ಅಪ್ಪ ಹೋಗಿ ಒಂಬತ್ತು ವರ್ಷ. ನಮ್ಮಲ್ಲಿ ಅವರ ಒಂದೇ ಒಂದು ಫೋಟೋ ಇದೆ, ಉಡುಪಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಎರವಲು ಕೋಟು ಹಾಕಿಕೊಂಡು, ಹೂದಾನಿಯ ಪಕ್ಕದಲ್ಲಿ, ಕಳ್ಳನನ್ನು ಹಿಡಿದು ನಿಲ್ಲಿಸಿದ ಹಾಗೆ ನಿಂತಿದ್ದಾರೆ. ಬಲೆ ಎಳೆಯುವ ಅಪ್ಪನ ಚಿತ್ರವನ್ನು ಯಾರೂ ತೆಗೆದಿಲ್ಲ. ಯಾರು ತೆಗೆಯುತ್ತಾರೆ? ಈಗ ನೋಡಿದರೆ ಎಲ್ಲಿಯದೋ ಡೆನ್ಮಾರ್ಕಿನವರು, ಅದೂ ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ, ಅದನ್ನು ಬಿಡಿಸಿ ನೋಟಿನಲ್ಲಿ ಅಚ್ಚು ಹಾಕಿ ಇಟ್ಟುಬಿಟ್ಟಿದ್ದಾರೆ! ನನಗೆ ಆ ನೋಟು ಬೇಕು. ಸೀರೆ ಬೇಡ, ಕಾರು ಬೇಡ, ಕಿಲಿಮಾನಿಯಲ್ಲಿ ಮನೆ ಬೇಡ. ಆ ನೋಟು ಬೇಕೇ ಬೇಕು.

"ಎಷ್ಟಕ್ಕೆ ಕೊಡುತ್ತೀರಿ?" ಎಂದು ಕೇಳಿದೆ.

"ಮಾರುವುದಿಲ್ಲ" ಎಂದರು ಹೋಲ್ಗರ್. "ಬದಲಿಸಿಕೊಳ್ಳುತ್ತೇನೆ. ನನ್ನಲ್ಲಿ ಇಲ್ಲದ್ದು ಒಂದೇ, ಕೊಕ್ಕರೆ ನೋಟಿನ ಬದಲಿ ನೋಟು. ಅದನ್ನು ತಂದರೆ ಇದು ನಿಮ್ಮದು. ಆದರೆ ಹೊಸದಾಗಿರಬೇಕು. ಮಡಿಕೆ ಇರಬಾರದು, ಸೂಜಿಮೊನೆಯಷ್ಟೂ ಊನ ಇರಬಾರದು. ಮುಂದಿನ ತಿಂಗಳ ಕೊನೆಗೆ ನಾನು ದೇಶಕ್ಕೆ ಹೊರಟೆ."

ಬದಲಿ ನೋಟು ಎಂದರೆ ಏನೆಂದು ದಾರಿಯಲ್ಲಿ ಪೊರ್ಬುಗಳು ವಿವರಿಸಿದರು. ಅಚ್ಚು ಹಾಕುವಾಗ ನೋಟೊಂದು ಕೆಟ್ಟುಹೋದರೆ ಅದನ್ನು ತೆಗೆದು, ಕಟ್ಟಿನಲ್ಲಿ ಸಂಖ್ಯೆ ಕಡಿಮೆಯಾಗದ ಹಾಗೆ ಬೇರೊಂದನ್ನು ಸೇರಿಸುತ್ತಾರೆ. ಅದರ ನಂಬರಿನ ಕೊನೆಯಲ್ಲಿ ಬೇರೆಯೇ ಅಕ್ಷರಗಳು. ಮದುವೆ ಊಟಕ್ಕೆ ಬಾರದವನ ಎಲೆಯ ಮುಂದೆ ಕೂತ ಪಕ್ಕದ ಮನೆಯವನ ಹಾಗೆ ಎಂದು ನಾನು ತಿಳಿದುಕೊಂಡೆ.

ಆಮೇಲೆ ಶುರುವಾಯಿತು ನನ್ನ ಅಲೆದಾಟ. ಡೇನಿಶ್ ಜನ ಹೋಗಿಬರುವ ಹೋಟೆಲುಗಳು, ಬಿಯಾಶಾರಾ ರಸ್ತೆಯ ಕೊಂಬು-ಮುಖವಾಡದ ಅಂಗಡಿಗಳು, ಇಗರ್ಜಿಯ ಕಾಣಿಕೆ ಡಬ್ಬಿ ಕೂಡ. ಆ ಡಬ್ಬಿಯಲ್ಲಿ ವಿದೇಶಿ ನೋಟು ಬಿದ್ದರೆ ಹೇಳಿ ಎಂದು ಪಾದ್ರಿಯವರಿಗೆ ಪೊರ್ಬುಗಳ ಮೂಲಕ ಅರ್ಜಿ ಹಾಕಿದೆ. ಮೂರು ವಾರದಲ್ಲಿ ಕೊಕ್ಕರೆಗಳು ಒಂಬತ್ತು ಬಂದವು, ಎಲ್ಲ ಸಾದಾ ಕೊಕ್ಕರೆಗಳು. ನಾಲ್ಕನೆಯ ವಾರ, ಟಾಮ್ ಎಂಬೋಯಾ ರಸ್ತೆಯ ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಹರಡಿಕೊಂಡು ಕೂರುವ ಪೀಟರನ ಬಳಿ ಒಂದು ಡೇನಿಶ್ ಅಡುಗೆ ಪುಸ್ತಕ ಕಂಡಿತು. ಸುಮ್ಮನೆ ತೆಗೆದು ಹಾಳೆ ತಿರುವಿದೆ. ಯಾವುದೋ ಕೇಕಿನ ಚಿತ್ರ, ಅದರ ಪಕ್ಕದಲ್ಲಿ ಇಸ್ತ್ರಿ ಮಾಡಿಟ್ಟಂತೆ ಕೊಕ್ಕರೆ ನೋಟು. ನಂಬರಿನ ಕೊನೆಯ ಅಕ್ಷರ ನೋಡಿದೆ. ಪುಸ್ತಕ ಮುಚ್ಚಿದೆ. ಕಣ್ಣು ಮುಚ್ಚಿದೆ. ಮತ್ತೆ ತೆರೆದೆ. ಅದೇ!

"ಇಪ್ಪತ್ತು ಶಿಲಿಂಗ್, ಮಾಮಾ" ಎಂದ ಪೀಟರ್.

ಕೇಳಿದಷ್ಟು ಕೊಟ್ಟು ಓಡಬೇಕಿತ್ತು. ಆದರೂ ಬಾಯಿ ತನ್ನ ಪಾಡಿಗೆ "ಕುಮಿ" ಎಂದುಬಿಟ್ಟಿತು, ಅಂದರೆ ಹತ್ತು. ರಕ್ತದಲ್ಲಿ ಬಂದದ್ದು ಎಲ್ಲಿ ಹೋಗುತ್ತದೆ?

"ಸವಾ", ಸರಿ, ಎಂದು ನಕ್ಕ ಪೀಟರ್.

ಮಟಾಟು ವ್ಯಾನು ಹತ್ತಿ ಒಬ್ಬಳೇ ನಗುತ್ತಾ ಕೂತಿದ್ದೆ. ಪಕ್ಕದ ಹೆಂಗಸು ಮೊದಲು ಬ್ಯಾಗು ಆಚೆ ಸರಿಸಿದಳು, ಆಮೇಲೆ ಮಗುವನ್ನೂ ಸರಿಸಿದಳು. ನನ್ನ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿದ್ದೆ. ಇಳಿದು ಓಡಿದೆ, ನಲವತ್ತೆರಡು ವರ್ಷದ ಟೀಚರು, ಸೀರೆ ಎತ್ತಿ ಹಿಡಿದು, ಅಡುಗೆ ಪುಸ್ತಕ ಎದೆಗವಚಿಕೊಂಡು. ದಾರಿಯಲ್ಲಿ ನನ್ನದೇ ಇಬ್ಬರು ವಿದ್ಯಾರ್ಥಿಗಳು "ಗುಡ್ ಈವ್ನಿಂಗ್ ಮಿಸ್" ಎಂದರು. ಅವರಿಗೆ "ಸಿಕ್ಕಿತು!" ಎಂದು ಉತ್ತರ ಕೊಟ್ಟೆ. ಮನೆಗೆ ಬಂದು ವಾಮನರ ಎರಡೂ ಕೈ ಹಿಡಿದು ಅಡುಗೆಮನೆಯಲ್ಲಿ ಗಿರಗಿರನೆ ಸುತ್ತಿದೆ. ಪಾಪ, ಆ ಮನುಷ್ಯ ಯಾಕೆಂದು ಕೇಳದೆಯೇ ಸುತ್ತಿದರು. ನೋಟನ್ನು ಅಟ್ಲಾಸಿನಲ್ಲಿ ಡೆನ್ಮಾರ್ಕಿನ ಪುಟದಲ್ಲೇ ಇಟ್ಟು, ಮೇಲೆ ಅರೆಯುವ ಕಲ್ಲಿನ ಗುಂಡು ಹೇರಿದೆ.

ಹೋಲ್ಗರ್ ಹೊರಡುವ ಮೊದಲಿನ ಶನಿವಾರ ಅವರ ಮನೆಯಲ್ಲಿ ಸಾಮಾನು ಮಾರಾಟ. ನೈರೋಬಿಯಲ್ಲಿ ಬಿಳಿಯರು ಊರು ಬಿಡುವಾಗ ಮನೆಯಲ್ಲಿದ್ದುದನ್ನೆಲ್ಲ ಅಂಗಳದಲ್ಲಿ ಹರಡಿ ಮಾರುತ್ತಾರೆ. ಸುದ್ದಿ ಗಾಳಿಗಿಂತ ಮೊದಲು ನಮ್ಮವರಿಗೆ ಮುಟ್ಟುತ್ತದೆ. ಹತ್ತು ಗಂಟೆಗೆ ನಾವು ಮೂವರು, ಅಂದರೆ ನಾನು, ವಾಮನ, ಒಸ್ವಾಲ್ಡ್ ಪೊರ್ಬು, ಹೋಗುವಷ್ಟರಲ್ಲಿ ಅಂಗಳ ತುಂಬಿತ್ತು. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ. ಒಬ್ಬರು ಪರದೆ ಎಳೆಯುತ್ತಿದ್ದರು, ಇನ್ನೊಬ್ಬರು ಅದೇ ಪರದೆಯ ಇನ್ನೊಂದು ತುದಿ. ಕಮಲಾ ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು, ಯಾರೂ ಅದನ್ನು ತೆರೆದು ಕೂಡ ನೋಡದ ಹಾಗೆ.

ಜಗಲಿಯ ಮೇಜಿನ ಮುಂದೆ ಹೋಲ್ಗರ್ ರಸೀದಿ ಪುಸ್ತಕ, ಸ್ಟೇಪ್ಲರ್ ಇಟ್ಟುಕೊಂಡು ಕೂತಿದ್ದರು. ನಾನು ಒಗೆದ ಕರವಸ್ತ್ರ ಹಾಸಿ, ಅದರ ಮೇಲೆ ನನ್ನ ಬದಲಿ ನೋಟನ್ನೂ, ಇರಲಿ ಎಂದು ಒಂಬತ್ತು ಸಾದಾ ಕೊಕ್ಕರೆಗಳನ್ನೂ ಹರಡಿದೆ. ಹೋಲ್ಗರ್ ಬಗ್ಗಿ ನೋಡಿದರು. ಮೂಗು ನೋಟಿಗೆ ತಾಗುವಷ್ಟು ಬಗ್ಗಿದರು. ಎದ್ದಾಗ ಆ ದೊಡ್ಡ ಮನುಷ್ಯನ ಕಿವಿ ಕೆಂಪಾಗಿತ್ತು.

"ಅದ್ಭುತ!" ಎಂದರು. "ಹೊಚ್ಚಹೊಸದು! ಆಲ್ಬಮ್ ತರುತ್ತೇನೆ. ಕೈ ತೊಳೆದು ಬರುತ್ತೇನೆ."

ಅವರು ಒಳಗೆ ಹೋದರು. ಅಷ್ಟರಲ್ಲಿ ಕಮಲಾ "ಅಂಬುಜಾ, ಸ್ವಲ್ಪ ಬನ್ರೀ, ಈ ಫ್ರಿಜ್ಜಿನ ಲೈಟ್ ಹತ್ತುತ್ತಾ ನೋಡೋಣ" ಎಂದು ಕೂಗಿದರು. ಸಣ್ಣಗೆ ಗಾಳಿ ಬೀಸುತ್ತಿತ್ತು.

"ಪೊರ್ಬುಗಳೇ, ಒಂದು ನಿಮಿಷ. ಗಾಳಿಗೆ ಹಾರದ ಹಾಗೆ ನೋಡ್ಕೊಳ್ಳಿ" ಎಂದು ಹೇಳಿ ನಾನು ಫ್ರಿಜ್ಜಿನ ಕಡೆ ತಿರುಗಿದೆ.

ಕಟಕ್!

ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ತಿರುಗಿ ನೋಡಿದೆ. ಒಸ್ವಾಲ್ಡ್ ಪೊರ್ಬುಗಳು ಹತ್ತೂ ನೋಟುಗಳನ್ನು ಮುಖ ಒಂದೇ ಕಡೆ ಬರುವಂತೆ ಜೋಡಿಸಿ, ಮೇಜಿಗೆ ತಟ್ಟಿ ಅಂಚು ಸಮ ಮಾಡಿ, ಎಡಗಡೆಗೆ ಸ್ಟೇಪ್ಲರ್ ಹೊಡೆದು, ಕಟ್ಟನ್ನು ನನ್ನ ಕಡೆ ಚಾಚಿದ್ದರು. ಊರಿನ ಬ್ಯಾಂಕುಗಳಲ್ಲಿ ಪ್ರತಿ ಕಟ್ಟಿಗೂ ಪಿನ್ನು ಹೊಡೆಯುತ್ತಾರಲ್ಲ, ಹಾಗೆ. ಇಪ್ಪತ್ತು ವರ್ಷ ದಿನಕ್ಕೆ ನೂರಾರು ಸಲ ಮಾಡಿದ ಕೆಲಸ. ಅರ್ಧ ಕ್ಷಣ ಅವರ ಮುಖದಲ್ಲಿ ಕೆಲಸ ಮುಗಿಸಿದ ತೃಪ್ತಿ ಇತ್ತು.

"ಹತ್ತು ಉಂಟು, ಸರಿ ಉಂಟು ಟೀಚ..." ಎಂದವರು ಅಲ್ಲಿಗೇ ನಿಂತರು. ತಮ್ಮ ಕೈಯನ್ನು ನೋಡಿದರು. ಮುಖ ಗಂಜಿಯ ಬಣ್ಣಕ್ಕೆ ತಿರುಗಿತು. "ಜೆಜು ದೇವರೇ! ಟೀಚರ್, ನಾನಲ್ಲ! ಕೈ! ಕೈ ಮಾಡಿದ್ದು!"

"ನಿಮಗೆ ಮಂಡೆ ಸಮ ಉಂಟಾ ಪೊರ್ಬುಗಳೇ?" ನನ್ನ ಕೂಗಿಗೆ ಪರದೆ ಎಳೆಯುತ್ತಿದ್ದವರಿಬ್ಬರೂ ಪರದೆ ಬಿಟ್ಟರು. "ಹಾರದ ಹಾಗೆ ನೋಡ್ಕೊಳ್ಳಿ ಅಂದ್ರೆ ಮೊಳೆ ಹೊಡೀಲಿಕ್ಕೆ ಹೇಳಿದ್ದಾ? ಅಲ್ಲಿ ಕಲ್ಲಿತ್ತು, ತಟ್ಟೆ ಇತ್ತು, ನಿಮ್ಮ ಕೈ ಇತ್ತು!"

"ಕೈಯೇ ಮಾಡಿದ್ದು ಟೀಚರ್, ಕೈಯೇ..." ಎಂದು ಅವರು ಶಿಲುಬೆಯ ಗುರುತು ಮಾಡಿಕೊಂಡರು, ಅದೇ ಕೈಯಿಂದ.

ವಾಮನ ಉಗುರಿನಿಂದ ಪಿನ್ನು ಕೀಳಲು ಬಂದರು. "ಮುಟ್ಟಬೇಡಿ!" ಎಂದು ನಾನೂ ಪೊರ್ಬುಗಳೂ ಒಟ್ಟಿಗೆ ಕಿರುಚಿದೆವು. ಆಗ ಹೋಲ್ಗರ್ ತೊಳೆದ ಕೈಯಲ್ಲಿ ಆಲ್ಬಮ್ ಹಿಡಿದು ಹೊರಗೆ ಬಂದರು. ಕಟ್ಟನ್ನು ನೋಡಿದರು. ಪುಟ್ಟ ಚಾಕುವಿನಿಂದ ಪಿನ್ನನ್ನು ಬಿಡಿಸಿ, ಬದಲಿ ನೋಟನ್ನು ಎತ್ತಿ ಹಿಡಿದರು. ಎಡಗಡೆಯಲ್ಲಿ ಎರಡು ತೂತು, ಅದರೊಳಗಿಂದ ನೈರೋಬಿಯ ಬಿಸಿಲು.

"ಕ್ಷಮಿಸಿ ಮೇಡಂ" ಎಂದರು. "ಷರತ್ತು ಷರತ್ತೇ. ಸೂಜಿಮೊನೆಯಷ್ಟೂ ಇರಬಾರದು ಎಂದಿದ್ದೆ."

ನನಗೆ ಅಳು ಬಂತು. ಮಕ್ಕಳ ಹಾಗೆ, ಅಲ್ಲೇ, ಎಲ್ಲರ ಎದುರಿಗೇ ಅಳು ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸೋಮವಾರ ಅಪ್ಪ ವಿಮಾನ ಹತ್ತಿ ಹೋಗಿಬಿಡುತ್ತಾರೆ, ಇನ್ನು ಎಲ್ಲಿ ನೋಡಲಿ?

"ಕೊನೆಗೆ ಒಂದು ಸಲ ನೋಡುತ್ತೇನೆ, ಕೊಡಿ" ಎಂದೆ. ಹೋಲ್ಗರ್ ಒಳ್ಳೆಯವರು. ಆಲ್ಬಮ್ಮಿನ ಮೂಲೆಪಟ್ಟಿ ಬಿಡಿಸಿ ಐವತ್ತು ಕ್ರೋನರನ್ನು ನನ್ನ ಅಂಗೈಯಲ್ಲಿಟ್ಟರು.

ಬಿಸಿಲಿಗೆ ಹಿಡಿದೆ. ಬಲೆ ಎಳೆಯುವವನ ಬೆನ್ನು ನೋಡಬೇಕೆಂದೇ ಹಿಡಿದದ್ದು, ದೇವರಾಣೆ. ಆದರೆ ನಾನು ಮೀನುಪೇಟೆಯಲ್ಲಿ ಬೆಳೆದವಳು. ಅಮ್ಮ ಹೇಳುತ್ತಿದ್ದಳು, "ಮೀನಿನ ಕಣ್ಣು ನೋಡಿ ಮರುಳಾಗಬೇಡ ಮಗಾ, ಕಿವಿರು ಎತ್ತಿ ನೋಡು" ಎಂದು. ಕಣ್ಣನ್ನು ನೀರು ಚಿಮುಕಿಸಿ ಹೊಳೆಯುವಂತೆ ಮಾಡಬಹುದು, ಕಿವಿರಿನ ಬಣ್ಣ ಸುಳ್ಳು ಹೇಳುವುದಿಲ್ಲ. ನನ್ನ ಬೆರಳು ತಾನಾಗಿಯೇ ನೋಟಿನ ಅಂಚಿಗೆ, ಮೂಲೆಪಟ್ಟಿ ಮುಚ್ಚಿದ್ದ ಜಾಗಕ್ಕೆ ಹೋಯಿತು. ಅಲ್ಲಿ ಬೆಳಕು ಸಮನಾಗಿ ಬರುತ್ತಿರಲಿಲ್ಲ. ಒಂದು ಚುಕ್ಕೆ. ಇನ್ನೊಂದು. ಮೂರು. ನಾಲ್ಕು! ಯಾವ ಕಾಲದ್ದೋ ಸೂಜಿ ತೂತುಗಳು, ಅಂಟು ಕಾಗದ ತುಂಬಿ ಚೆಂದ ಮಾಡಿ ಮುಚ್ಚಿದ್ದು.

ಅಳು ಎಲ್ಲಿ ಹೋಯಿತೋ ಗೊತ್ತಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ.

"ಸಾಹೇಬರೇ, ಇದು ನಿನ್ನೆಯ ಮೀನು!" ಎಂದೆ, ಇಂಗ್ಲಿಷಿನಲ್ಲಿ, ಆದರೆ ಮಲ್ಪೆಯ ಗಂಟಲಿನಲ್ಲಿ.

"ಏನೆಂದಿರಿ?"

"ಕನ್ನಡಕ ಹಾಕಿ ನೋಡಿ. ಒಂದು, ಎರಡು, ಮೂರು, ನಾಲ್ಕು. ನಿಮ್ಮ ದೇಶದ ಕ್ಯಾಷಿಯರುಗಳಿಗೂ ನಮ್ಮ ಪೊರ್ಬುಗಳ ಕೈಯೇ ಇದ್ದದ್ದು. ಯಾರೋ ಆಮೇಲೆ ಅದಕ್ಕೆ ಪೌಡರ್ ಹಚ್ಚಿದ್ದಾರೆ."

ಹೋಲ್ಗರ್ ಭೂತಗನ್ನಡಿ ಹಿಡಿದು ಬಗ್ಗಿದರು, ಮೊಣಕಾಲೂರಿದರು, ಬಿಸಿಲಿಗೆ ತಿರುಗಿಸಿದರು. ಇಪ್ಪತ್ತು ವರ್ಷದ ಹಿಂದೆ ಕೋಪನ್‌ಹೇಗನ್ನಿನ ವ್ಯಾಪಾರಿಯೊಬ್ಬ ನಿರ್ದೋಷ ಎಂದು ಬರೆದುಕೊಟ್ಟು ಮಾರಿದ್ದಂತೆ. ಆ ಮನುಷ್ಯನ ಕಿವಿ ಮತ್ತೆ ಕೆಂಪಾಯಿತು, ಈ ಸಲ ಬೇರೆ ಕೆಂಪು.

"ನನಗೆ ಗೊತ್ತಿರಲಿಲ್ಲ" ಎಂದರು ಸಣ್ಣ ದನಿಯಲ್ಲಿ.

"ನಿಮ್ಮನ್ನು ನಂಬುತ್ತೇನೆ. ಆದರೆ ವ್ಯಾಪಾರ ವ್ಯಾಪಾರವೇ. ನನ್ನದರಲ್ಲಿ ಎರಡು ತೂತು, ಅದೂ ಇವತ್ತು ಬೆಳಿಗ್ಗೆಯ ತಾಜಾ ತೂತು, ಎಲ್ಲರ ಕಣ್ಣೆದುರಿಗೇ ಬಿದ್ದದ್ದು. ನಿಮ್ಮದರಲ್ಲಿ ನಾಲ್ಕು, ಅದೂ ಮುಚ್ಚಿಟ್ಟದ್ದು. ಲೆಕ್ಕ ನೋಡಿದರೆ ನೀವೇ ನನಗೆ ಎರಡು ತೂತು ಬಾಕಿ!"

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಪೊರ್ಬುಗಳು ಮೇಜಿನ ಹಿಂದಿನಿಂದ ತಲೆ ಎತ್ತಿದರು. ಹೋಲ್ಗರ್ ಏನೋ ಹೇಳಲು ಬಾಯಿ ತೆರೆದರು, ನಾನು ಮಾತಾಡಲು ಬಿಡಲಿಲ್ಲ. ನೋಟನ್ನು ಮೆಲ್ಲಗೆ ಆಲ್ಬಮ್ಮಿನ ಮೇಲಿಟ್ಟು, "ಬೇಡವಾದರೆ ಬೇಡ" ಎಂದು ಕರವಸ್ತ್ರ ಮಡಚಿ ಹೊರಟೇಬಿಟ್ಟೆ. ಒಂದು ಹೆಜ್ಜೆ. ಎರಡು. ಅಮ್ಮನಿಗೆ ಮೂರನೆಯ ಹೆಜ್ಜೆಗೆ ಯಾವತ್ತೂ ಹೋಗಬೇಕಾಗಿ ಬಂದಿರಲಿಲ್ಲ.

"ಮೇಡಂ!" ಎಂದರು ಹೋಲ್ಗರ್. "ಒಪ್ಪಿದೆ!"

ತಿರುಗಿದೆ. "ಕೊಸರು?"

"ಅದೇನು?"

"ನಮ್ಮಲ್ಲಿ ವ್ಯಾಪಾರ ಮುಗಿದ ಮೇಲೆ ಒಂದು ಹಿಡಿ ಜಾಸ್ತಿ ಹಾಕುತ್ತಾರೆ. ನನಗೆ ಆ ಸ್ಟೇಪ್ಲರ್ ಕೊಡಿ. ಪೊರ್ಬುಗಳು ಇರುವ ಊರಿನಲ್ಲಿ ಅದು ಹೊರಗೆ ಇರಬಾರದು."

ಹೋಲ್ಗರ್ ನಗಲು ಶುರುಮಾಡಿದರು. ಅಷ್ಟು ಎತ್ತರದ ಮನುಷ್ಯ ನಕ್ಕರೆ ಮೇಲಿನಿಂದ ಕೆಳಗೆ ಬರಲು ಹೊತ್ತು ಬೇಕು. ಕೊನೆಗೆ ಮೇಜು ಹಿಡಿದುಕೊಂಡರು. ವಾಮನ ನಕ್ಕರು, ಪರದೆಯವರು ನಕ್ಕರು, ಪೊರ್ಬುಗಳು ಅಳುತ್ತಲೇ ನಕ್ಕರು. ನಾನು ನೋಟು ಒಂದು ಕೈಯಲ್ಲಿ, ಸ್ಟೇಪ್ಲರ್ ಒಂದು ಕೈಯಲ್ಲಿ ಹಿಡಿದು, ಸೆರಗು ಇನ್ನೂ ಸೊಂಟದಲ್ಲೇ, ಅಂಗಳದ ನಡುವೆ ನಿಂತಿದ್ದೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ. ವಾಮನ ಇದನ್ನು ಓದಿದರೆ ಓದಲಿ.

ಆಗ ಕಮಲಾ ಫ್ರಿಜ್ಜನ್ನೂ ಬಿಟ್ಟು ಹತ್ತಿರ ಬಂದರು. "ಅಂಬುಜಾ! ಅಬ್ಬಬ್ಬಾ! ಇಷ್ಟ್ ಚೆನ್ನಾಗಿ ಚೌಕಾಸಿ ಮಾಡೋದು ಎಲ್ ಕಲಿತ್ರೀ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆ ಎರಡು ಇಂಗ್ಲಿಷ್ ಶಬ್ದ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು, ಆರು ವರ್ಷದ ಅಭ್ಯಾಸ. ನೋಟನ್ನು ನೋಡಿದೆ. ಅವನು ಬೆನ್ನು ವಾಲಿಸಿ ಎಳೆಯುತ್ತಲೇ ಇದ್ದ. ಒಂದು ದೇಶವೇ ಇವನನ್ನು ಕರೆದು ನೋಟಿನ ಮೇಲೆ ನಿಲ್ಲಿಸಿದೆ, ಇವನ ಮಗಳಿಗೆ ಏನು ಧಾಡಿ?

"ನನ್ನ ಅಮ್ಮನಿಂದ" ಎಂದೆ. "ಅಮ್ಮ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದದ್ದು. ಅಪ್ಪ ಬಲೆ ಎಳೆಯುತ್ತಿದ್ದದ್ದು. ಹೀಗೆ. ಇಲ್ಲಿ ನೋಡಿ ಕಮಲಾ, ಇದೇ ಹಾಗೆ."

ವಾಮನರ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು. ಕಮಲಾ ನೋಟನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನನ್ನ ಮೊಣಕೈ ಹಿಡಿದು ದರದರನೆ ಫ್ರಿಜ್ಜಿನ ಹಿಂದಕ್ಕೆ ಎಳೆದುಕೊಂಡು ಹೋದರು. ಬೈಸಿಕೊಳ್ಳಲು ತಯಾರಾದೆ.

"ಮೊದ್ಲೇ ಹೇಳ್ಬಾರ್ದಾಗಿತ್ತೇನ್ರೀ!" ಎಂದು ಪಿಸುಗುಟ್ಟಿದರು. "ನಮ್ಮ ಡಾಕ್ಟ್ರಿಗೆ ವಾರಕ್ಕೊಂದಿನ ಮೀನು ಬೇಕೇ ಬೇಕು. ಬೇರೆ ಪಾತ್ರೆ, ಬೇರೆ ಒಲೆ, ಕಿಟಕಿ ಎಲ್ಲಾ ಮುಚ್ಚಿ ಮಾಡ್ತೀನಿ. ಆರ್ಸೋದು ನಂಗೆ ಬರಲ್ಲ, ಸಿಟಿ ಮಾರ್ಕೆಟ್‌ನಲ್ಲಿ ವರ್ಷಗಟ್ಲೆ ಕೊಳೆತಿದ್ದೇ ಕೊಡ್ತಿದಾರೆ. ಯಾರನ್ನ ಕೇಳ್ಲಿ ಹೇಳಿ? ಯಾರಿಗೂ ಹೇಳ್ಬೇಡಿ. ಬರೋ ಶನಿವಾರ ನನ್ ಜೊತೆ ಬರ್ತೀರಾ?"

ನನಗೆ ನಗು ತಡೆಯಲಾಗದೆ ಫ್ರಿಜ್ಜಿನ ಬೆನ್ನಿಗೆ ಒರಗಿದೆ. ಆಮೇಲೆ ಕಮಲಾ ಕೂಡ ಒರಗಿದರು. ಆ ಫ್ರಿಜ್ಜನ್ನು ಅವರಿಗೆ ಅರ್ಧ ಬೆಲೆಗೆ ಕೊಡಿಸಿದ್ದು ನಾನೇ, ಮೂರನೆಯ ಹೆಜ್ಜೆಗೆ ಹೋಗದೆ.

ಸೋಮವಾರ ನೋಟಿನ ಜೆರಾಕ್ಸ್ ಮಾಡಿಸಿ ಮಲ್ಪೆಗೆ ಕಳಿಸಿದೆ. ಅಮ್ಮನಿಗೆ ಓದು ಬಾರದು, ತಮ್ಮ ಓದಿ ಹೇಳುತ್ತಾನೆ. ಬೇಕೆಂದೇ ಹೆಚ್ಚು ಬರೆಯಲಿಲ್ಲ. "ಇದು ಡೆನ್ಮಾರ್ಕ್ ದೇಶದ ಹಳೆಯ ನೋಟು, ಅಮ್ಮನಿಗೆ ತೋರಿಸು" ಎಂದಷ್ಟೇ ಬರೆದೆ. ಯಾರ ಹಾಗಿದ್ದಾರೆ, ಯಾವನನ್ನು ನೋಡಬೇಕು, ಒಂದೂ ಇಲ್ಲ.

ಐದು ವಾರದ ನಂತರ ತಮ್ಮನ ಕಾಗದ ಬಂತು. ಅಮ್ಮ ಜೆರಾಕ್ಸನ್ನು ಬಾಗಿಲಿನ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳಂತೆ. ಆಮೇಲೆ ಬೆನ್ನು ಹಿಂದಕ್ಕೆ ವಾಲಿಸಿ ನಿಂತವನ ಮೇಲೆ ಬೆರಳಿಟ್ಟು ಕೇಳಿದಳಂತೆ:

"ಇವರಿಗೆ ಟೊಪ್ಪಿ ಹಾಕ್ಲಿಕ್ಕೆ ಯಾರು ಹೇಳಿದ್ದು?"